ಪಟ್ಟು ಹಳೆಯದು, ಕಣ ಹೊಸದು

ಸ್ಟ್ರೀಟ್ ಫೈಟರ್ ಆಡಿ ಬೆಳೆದವರ ಎಡಗೈಗೆ ಒಂದು ಚಾಳಿ ಅಂಟಿಕೊಂಡಿರುತ್ತದೆ. ಕೆಳಕ್ಕೆ, ಓರೆಗೆ, ಮುಂದಕ್ಕೆ. ಅಷ್ಟರಲ್ಲಿ ಬಲಗೈ ಪಂಚ್ ಬಟನ್ ಒತ್ತಿಯಾಗಿರುತ್ತದೆ. ಪರದೆಯ ಮೇಲೆ ರ್ಯು ಎರಡೂ ಅಂಗೈ ಕೂಡಿಸಿ ನೀಲಿ ಉಂಡೆಯೊಂದನ್ನು ಎದುರಾಳಿಯತ್ತ ತೂರುತ್ತಾನೆ. ಇದೇ ಹಡೋಕೆನ್. 1987ರ ಮೊದಲ ಆಟದಿಂದ ಈಚೆಗೆ ಎಷ್ಟೋ ಬದಲಾದರೂ ಬೆರಳಿನ ಈ ಓಟ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಇಂಥ ರ್ಯುವನ್ನು ಬೇರೆ ಕಂಪನಿಯ, ಬೇರೆಯದೇ ಕಾನೂನಿನ ಆಟದೊಳಗೆ ಒಯ್ದು ನಿಲ್ಲಿಸಿದರೆ ಅವನ ಜೊತೆ ಏನೇನು ಹೋಗಬೇಕು?

ವೇಷ, ದನಿ, ಹಣೆಗೆ ಕಟ್ಟಿದ ಕೆಂಪು ಪಟ್ಟಿಯನ್ನು ಸಾಗಿಸುವುದು ಚಿತ್ರಕಾರರ ಕೆಲಸ, ಅದು ಹೇಗೋ ಆಗಿಹೋಗುತ್ತದೆ. ತಲೆನೋವು ಶುರುವಾಗುವುದು ಪಟ್ಟುಗಳ ಹತ್ತಿರ ಬಂದಾಗ. ಹಡೋಕೆನ್ ತನ್ನ ತವರಿನಲ್ಲಿ ಮಾಡುವ ಕೆಲಸವನ್ನು ನೋಡಿ. ಸ್ಟ್ರೀಟ್ ಫೈಟರ್ ನಡೆಯುವುದು ಒಂದೇ ಗೆರೆಯ ಮೇಲೆ. ಉಂಡೆ ಬರುತ್ತಿರುವಾಗ ಪಕ್ಕಕ್ಕೆ ಸರಿಯೋಣವೆಂದರೆ ಅಲ್ಲಿ ಪಕ್ಕವೇ ಇಲ್ಲ. ತಡೆದು ನಿಂತರೆ ಹಿಂದೆ ದೂಡಿಸಿಕೊಳ್ಳಬೇಕು. ಮೇಲಿನಿಂದ ಹಾರಿದರೆ ಇಳಿಯುವ ಜಾಗದಲ್ಲಿ ರ್ಯುವಿನ ಇನ್ನೊಂದು ಪಟ್ಟು, ಮೇಲಕ್ಕೆ ಚಿಮ್ಮುವ ಶೋರ್ಯುಕೆನ್, ಕಾದಿರುತ್ತದೆ. ಕಾಡಿನ ಬೇಟೆಯಲ್ಲಿ ಸೋವುವವರು ಒಂದು ಕಡೆ, ಬಲೆ ಹಿಡಿದವರು ಇನ್ನೊಂದು ಕಡೆ ಇರುವ ಹಾಗೆ ಇವೆರಡು ಪಟ್ಟುಗಳು ಜೋಡಿ. ಒಂದು ಅಟ್ಟುತ್ತದೆ, ಇನ್ನೊಂದು ಹಿಡಿಯುತ್ತದೆ. ಹಾಗಾಗಿ ಪಾತ್ರವನ್ನು ಒಂದು ಆಟದಿಂದ ಇನ್ನೊಂದಕ್ಕೆ ತರುವವರು ಪಟ್ಟಿನ ಚೆಂದಕ್ಕಿಂತ ಮೊದಲು, ಅದು ಎದುರಿನವನನ್ನು ಯಾವ ಇಕ್ಕಟ್ಟಿಗೆ ಸಿಕ್ಕಿಸುತ್ತಿತ್ತು ಎಂದು ಕೇಳಿಕೊಳ್ಳಬೇಕು.

ಈ ಪ್ರಶ್ನೆಗೆ ಅತ್ಯಂತ ಧೈರ್ಯದ, ಅಷ್ಟೇ ವಿವಾದದ ಉತ್ತರ ಬಂದದ್ದು 2016ರಲ್ಲಿ. ಆ ವರ್ಷ ಜಪಾನಿನ ಆರ್ಕೇಡ್‌ಗಳಿಗೆ ಬಂದ ‘ಟೆಕ್ಕೆನ್ 7: ಫೇಟೆಡ್ ರೆಟ್ರಿಬ್ಯೂಷನ್’ನಲ್ಲಿ ಸ್ಟ್ರೀಟ್ ಫೈಟರ್‌ನ ಅಕುಮಾ ಅತಿಥಿಯಾಗಿ ಕಾಣಿಸಿಕೊಂಡ. ಅತಿಥಿ ಎಂದರೂ ಕಥೆಯಲ್ಲಿ ಅವನಿಗೆ ಗಟ್ಟಿ ಸ್ಥಾನವಿತ್ತು. ಟೆಕ್ಕೆನ್‌ನ ಹಳೆಯ ಪಾತ್ರ ಹೆಯ್‌ಹಾಚಿಯ ಹೆಂಡತಿ ಕಜುಮಿ, ತನ್ನ ಗಂಡನನ್ನೂ ಮಗನನ್ನೂ ಮುಗಿಸಲು ಗೊತ್ತುಮಾಡಿ ಹೋದವನು ಇವನೇ. ಆದರೆ ಟೆಕ್ಕೆನ್‌ನ ಕಣಕ್ಕೆ ಆಳವಿದೆ, ಅಲ್ಲಿ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟರೆ ಹಡೋಕೆನ್ ಬದಿಯಲ್ಲೇ ಹಾದುಹೋಗುತ್ತದೆ. ಸೋವುವವರು ಕೂಗುತ್ತಿದ್ದಾರೆ, ಮಿಕ ಆರಾಮಾಗಿ ಪಕ್ಕದ ಪೊದೆಗೆ ನುಗ್ಗಿದೆ!

ಈ ನಷ್ಟ ತುಂಬಿಕೊಡಲೆಂಬಂತೆ ಅಕುಮಾನ ಗಂಟುಮೂಟೆಯಲ್ಲಿ ಅವನ ಊರಿನ ಕಾನೂನೂ ಬಂತು. ಟೆಕ್ಕೆನ್‌ನ ಹಳಬರಿಗಿಲ್ಲದ, ಆಡುತ್ತ ತುಂಬಿಸಿಕೊಂಡು ದೊಡ್ಡ ಹೊಡೆತಕ್ಕೆ ಖರ್ಚುಮಾಡುವ ಸೂಪರ್ ಮೀಟರ್, ಹೊಡೆತವನ್ನು ನಡುವಿನಲ್ಲೇ ಮುರಿದು ಇನ್ನೊಂದಕ್ಕೆ ಜಾರಿಸುವ ಕ್ಯಾನ್ಸಲ್, ಸ್ಟ್ರೀಟ್ ಫೈಟರ್ ಮಾದರಿಯ ಎತ್ತರದ ನೆಗೆತ, ಗಾಳಿಯಿಂದ ಎಸೆಯುವ ಉಂಡೆ, ಎಲ್ಲವೂ ಅವನಿಗಿದ್ದವು. ಫಲವೆಂದರೆ ಅವನ ಎದುರು ಕೂತವರು ಟೆಕ್ಕೆನ್ ಮರೆತು ಬೇರೆ ಆಟದ ಪಾಠ ಕಲಿಯಬೇಕಾಯಿತು. 2017ರ ಕೊನೆಯಲ್ಲಿ ಫೇಟಲ್ ಫ್ಯೂರಿಯ ಗೀಸ್ ಹಾವರ್ಡ್ ಕೂಡ ಇದೇ ದಾರಿಯಲ್ಲಿ ಬಂದಮೇಲೆ ಹಳೆಯ ಆಟಗಾರರ ಗೊಣಗಾಟ ಜೋರಾಯಿತು. ಆ ಗೊಣಗಾಟದಲ್ಲಿ ನ್ಯಾಯವಿದೆ. ಬಂದ ನೆಂಟ ಅಡುಗೆಯನ್ನೂ ತಂದರೆ ಸರಿ, ಒಲೆಯನ್ನೇ ಹೊತ್ತುತಂದು ನಡುಮನೆಯಲ್ಲಿ ಹೂಡಿದರೆ ಮನೆಯವರು ಎಲ್ಲಿಗೆ ಹೋಗಬೇಕು? ಅಕುಮಾ ಅಕುಮಾನಾಗಿಯೇ ಉಳಿದ ಎಂಬುದು ಮಾತ್ರ ನಿಜ. ಬೆಲೆ ತೆತ್ತವರು ಇತರರು.

ಇದರ ಎದುರಿಗೆ ಇಡಬೇಕಾದದ್ದು ನಿಂಟೆಂಡೊದ ಸೂಪರ್ ಸ್ಮ್ಯಾಶ್ ಬ್ರದರ್ಸ್. ಅಲ್ಲಿ ಜೀವದ ಪಟ್ಟಿಯೇ ಇಲ್ಲ. ಪೆಟ್ಟು ಬಿದ್ದಷ್ಟೂ ಶೇಕಡಾ ಏರುತ್ತದೆ, ಏರಿದಷ್ಟೂ ದೇಹ ಹಗುರಾದಂತೆ ದೂರ ಹಾರುತ್ತದೆ, ಕಣದಾಚೆ ಬಿದ್ದರೆ ಮುಗಿಯಿತು. ವಿಶೇಷ ಪಟ್ಟುಗಳಿಗೆ ಎಲ್ಲರಿಗೂ ಒಂದು ಬಟನ್, ಒಂದು ದಿಕ್ಕು. 2015ರಲ್ಲಿ ರ್ಯು ಅಲ್ಲಿಗೆ ಬಂದಾಗ ನಿರ್ದೇಶಕ ಮಸಾಹಿರೊ ಸಕುರಾಯ್ ತಂಡ ಎರಡೂ ದಾರಿಯನ್ನು ತೆರೆದಿಟ್ಟಿತು. ಬರೀ ಬಟನ್ ಒತ್ತಿದರೂ ಹಡೋಕೆನ್ ಬರುತ್ತದೆ, ಹಳೆಯ ಕೆಳಕ್ಕೆ-ಓರೆಗೆ-ಮುಂದಕ್ಕೆ ಮಾಡಿ ಒತ್ತಿದರೆ ಹೆಚ್ಚು ಬಲದ್ದು ಬರುತ್ತದೆ. ಸ್ಟ್ರೀಟ್ ಫೈಟರ್‌ನ ಆರು ಬಟನ್‌ಗಳ ಬದಲಿಗೆ, ಬಟನ್ ತಟ್ಟಿ ಬಿಟ್ಟರೆ ಹಗುರ ಏಟು, ಒತ್ತಿ ಹಿಡಿದರೆ ಭಾರದ ಏಟು. ಒಂದು ಎಡವಟ್ಟು ಮಾತ್ರ ಉಳಿದಿತ್ತು. ಸ್ಟ್ರೀಟ್ ಫೈಟರ್‌ನಲ್ಲಿ ಹಿಂದಕ್ಕೆ ಒತ್ತಿದರೆ ಪಾತ್ರ ಎದುರಾಳಿಯನ್ನೇ ನೋಡುತ್ತ ಹಿಂದೆ ಸರಿಯುತ್ತದೆ, ಸ್ಮ್ಯಾಶ್‌ನಲ್ಲಿ ಬೆನ್ನು ತಿರುಗಿಸಿಬಿಡುತ್ತದೆ. ‘ಮುಂದೆ’ ಯಾವುದೆಂದು ಖಾತ್ರಿಯಿಲ್ಲದ ಮೇಲೆ ‘ಮುಂದಕ್ಕೆ’ ಎಂಬ ಆಜ್ಞೆಗೆ ಅರ್ಥವೇನು? 2018ರ ‘ಅಲ್ಟಿಮೇಟ್’ನಲ್ಲಿ ಅದನ್ನೂ ಸರಿಪಡಿಸಿದರು. ಇಬ್ಬರೇ ಆಡುವಾಗ ರ್ಯು ಮತ್ತು ಸ್ಟ್ರೀಟ್ ಫೈಟರ್‌ನದೇ ಇನ್ನೊಬ್ಬ ಪಾತ್ರ ಕೆನ್ ತಾವಾಗಿಯೇ ಎದುರಾಳಿಯತ್ತ ತಿರುಗಿರುತ್ತಾರೆ.

ಆದರೂ ಕೈಚಳಕದ ಪರಮಾವಧಿ ನೋಡಬೇಕಾದರೆ 2019ರಲ್ಲಿ ಅದೇ ಆಟಕ್ಕೆ ಬಂದ ಟೆರ್ರಿ ಬೊಗಾರ್ಡ್‌ನನ್ನು ನೋಡಬೇಕು. 1992ರ ‘ಫೇಟಲ್ ಫ್ಯೂರಿ 2’ರಲ್ಲಿ ಅವನ ಪವರ್ ಗೈಸರ್, ಅಂದರೆ ನೆಲಕ್ಕೆ ಗುದ್ದಿ ಬೆಂಕಿಯ ಬುಗ್ಗೆ ಎಬ್ಬಿಸುವ ಪಟ್ಟು, ಬೇಕೆಂದಾಗ ಸಿಗುತ್ತಿರಲಿಲ್ಲ. ಜೀವದ ಪಟ್ಟಿ ತಳ ಕಂಡು ಮಿನುಗತೊಡಗಿದಾಗ ಮಾತ್ರ ಸಿಗುತ್ತಿತ್ತು. ಸೋಲುತ್ತಿರುವವನ ಕೊನೆಯ ಅಸ್ತ್ರ ಅದು. ಜೀವದ ಪಟ್ಟಿಯೇ ಇಲ್ಲದ ಸ್ಮ್ಯಾಶ್‌ನಲ್ಲಿ ಅದನ್ನು ಎಲ್ಲಿಂದ ತರುವುದು? ಟೆರ್ರಿಯ ಪೆಟ್ಟಿನ ಲೆಕ್ಕ ಶೇಕಡಾ 100 ಮುಟ್ಟಿದಾಗ ಪವರ್ ಗೈಸರ್ ತೆರೆದುಕೊಳ್ಳುವಂತೆ ಮಾಡಿದರು. ಸ್ಮ್ಯಾಶ್ ಆಡುವ ಎಲ್ಲರೂ ಆ ಅಂಕಿಯನ್ನು ಮೊದಲೇ ಗಮನಿಸುತ್ತಿರುತ್ತಾರೆ, ಹೊಸದಾಗಿ ಏನೂ ಕಲಿಯಬೇಕಿಲ್ಲ. ಟೆರ್ರಿಯನ್ನು ಇನ್ನೇನು ಹೊರಗೆ ಅಟ್ಟಬಹುದು ಎನ್ನುವ ಹೊತ್ತಿಗೇ ಹತ್ತಿರ ಹೋಗಲು ಭಯ. ಕಾನೂನು ಆತಿಥೇಯರದು, ಇಕ್ಕಟ್ಟು ಮಾತ್ರ ಫೇಟಲ್ ಫ್ಯೂರಿಯದೇ.

ತುಂಬಿದ ಮನೆಯಿಂದ ಸಣ್ಣ ಮನೆಗೆ ಹೋಗುವವರ ಕಷ್ಟ ಇನ್ನೊಂದು ಬಗೆಯದು. ಟೆಕ್ಕೆನ್‌ನ ಕಜುಯಾನಂಥವನ ಪಟ್ಟುಗಳ ಪಟ್ಟಿ ನೂರರ ಆಸುಪಾಸಿನದು. 2012ರ ‘ಸ್ಟ್ರೀಟ್ ಫೈಟರ್ ಎಕ್ಸ್ ಟೆಕ್ಕೆನ್’ಗೆ ಸ್ಟ್ರೀಟ್ ಫೈಟರ್‌ನ ಕಂಪನಿ ಕ್ಯಾಪ್‌ಕಾಮ್ ಅವನನ್ನು ಕರೆತಂದಾಗ ಬಹುಪಾಲು ಸಾಮಾನು ಹೊರಗೇ ಉಳಿಯಿತು, ತಲೆತಗ್ಗಿಸಿ ಮುನ್ನುಗ್ಗುವ ಓಟ ಮತ್ತು ಅದರಿಂದ ಹೊಮ್ಮುವ ಮಿಂಚಿನ ಮುಷ್ಟಿ ಒಳಗೆ ಬಂದವು. (ಇದಕ್ಕೆ ಜವಾಬಾಗಿ ಟೆಕ್ಕೆನ್‌ನವರು 2010ರಲ್ಲೇ ಘೋಷಿಸಿದ್ದ ‘ಟೆಕ್ಕೆನ್ ಎಕ್ಸ್ ಸ್ಟ್ರೀಟ್ ಫೈಟರ್’ ಕೊನೆಗೂ ಹೊರಬರಲೇ ಇಲ್ಲ.) 2003ರ ‘ಸೋಲ್‌ಕ್ಯಾಲಿಬರ್ 2’ರಲ್ಲಂತೂ ಬರಿಗೈ ಜಟ್ಟಿ ಹೆಯ್‌ಹಾಚಿಗೆ ಕತ್ತಿಗಳ ನಡುವೆ ನಿಲ್ಲಲು ಮುಂಗೈ ಕವಚವನ್ನೇ ಆಯುಧವಾಗಿ ತೊಡಿಸಿದರು.

ಬೆರಳಿನ ನೆನಪಿಗೆ ಇಷ್ಟೆಲ್ಲ ಮಣೆ ಹಾಕುವುದು ಹಳಬರ ಓಲೈಕೆ ಎನ್ನುವವರೂ ಇದ್ದಾರೆ. ಈ ತಕರಾರಿಗೆ ಉತ್ತರವೆಂಬಂತೆ ರ್ಯುವಿನ ತವರಿನಲ್ಲೇ ಒಂದು ಪ್ರಸಂಗ ನಡೆದಿದೆ. 2023ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 6’ರಲ್ಲಿ ಹೊಸಬರಿಗೆಂದು ‘ಮಾಡರ್ನ್’ ಎಂಬ ನಿಯಂತ್ರಣ ವಿಧಾನವಿದೆ. ಅದರಲ್ಲಿ ಒಂದೇ ಬಟನ್‌ಗೆ ಹಡೋಕೆನ್ ಹೊರಡುತ್ತದೆ, ಆದರೆ ಪೆಟ್ಟು ಶೇಕಡಾ 80ರಷ್ಟು ಮಾತ್ರ. ಪೂರ್ತಿ ಪೆಟ್ಟು ಬೇಕೆಂದರೆ ಕೆಳಕ್ಕೆ, ಓರೆಗೆ, ಮುಂದಕ್ಕೆ ಮಾಡಿಯೇ ಒತ್ತಬೇಕು. ಅದಕ್ಕೂ ಎಂಟು ವರ್ಷ ಮೊದಲು ಸ್ಮ್ಯಾಶ್‌ನವರು ತಮ್ಮ ಮನೆಗೆ ಬಂದ ನೆಂಟನಿಗಾಗಿ ಮಾಡಿದ್ದ ಏರ್ಪಾಡೂ ಹೆಚ್ಚುಕಡಿಮೆ ಇದೇ ಆಗಿತ್ತು.