ಗೆದ್ದವರು ಯಾರು, ವೇದಿಕೆ ಏರಿದವರು ಯಾರು?

ಮೆಸ್ಸಿನಲ್ಲಿ ಊಟಕ್ಕೆ ಕೂತಾಗ ಮಿತ್ರನೊಬ್ಬ ಕೇಳಿದ: “ಅಲ್ಲೋ, ಜಪಾನು ಸೋತು ಎಂಬತ್ತು ವರ್ಷ ಆತು. ಈಗ್ಯಾಕ ಇಷ್ಟು ತೋಪು, ಇಷ್ಟು ಕ್ಷಿಪಣಿ?” 2025ರ ಸೆಪ್ಟೆಂಬರ್ 3ರಂದು ಬೀಜಿಂಗಿನ ತಿಯಾನನ್‌ಮೆನ್ ಚೌಕದಲ್ಲಿ ನಡೆದ ವಿಜಯ ಪಥಸಂಚಲನದ ಮಾತು ಅದು. ಪ್ರಶ್ನೆ ಸಣ್ಣದು, ಆದರೆ ಅನ್ನದ ಜೊತೆ ನುಂಗಿಬಿಡುವಂಥದಲ್ಲ.

ಆ ದಿನ ಲೋಕದ ಕಣ್ಣು ಸಿಪಾಯಿಗಳ ಹೆಜ್ಜೆಗಿಂತ ವೇದಿಕೆಯ ಮೇಲೇ ಹೆಚ್ಚಾಗಿತ್ತು. ಮದುವೆಮನೆಯಲ್ಲಿ ಯಾರು ಬಂದರು, ಯಾರು ಬರಲಿಲ್ಲ ಅಂತ ಎಣಿಸುತ್ತೇವಲ್ಲ, ಹಾಗೆ. ಷಿ ಜಿನ್‌ಪಿಂಗರ ಒಂದು ಪಕ್ಕ ಪುಟಿನ್, ಇನ್ನೊಂದು ಪಕ್ಕ ಕಿಮ್ ಜಾಂಗ್ ಉನ್. ಪಶ್ಚಿಮದ ದೊಡ್ಡ ರಾಷ್ಟ್ರಗಳ ನಾಯಕರು ಬರಲಿಲ್ಲ. ಹೋಗಬೇಡಿರೆಂದು ಜಪಾನು ಬೇರೆ ದೇಶಗಳಿಗೆ ಹೇಳುತ್ತಿದೆಯೆಂಬ ಸುದ್ದಿಗೆ ಚೀನಾ ಸಿಟ್ಟಾಯಿತು. ಮೂವರೂ ಕೂಡಿ ಅಮೆರಿಕದ ವಿರುದ್ಧ ಪಿತೂರಿ ನಡೆಸಿದ್ದಾರೆಂದು ಟ್ರಂಪ್ ಕೊಂಕು ನುಡಿದರು. ನಮ್ಮ ಪ್ರಧಾನಿ ಜಪಾನಿಗೂ ಹೋದರು, ತಿಯಾಂಜಿನ್ ಸಭೆಗೂ ಹೋದರು, ಪಥಸಂಚಲನಕ್ಕೆ ಮಾತ್ರ ನಿಲ್ಲಲಿಲ್ಲ.

ಗೆಲುವು ಯಾರದು ಎಂಬುದೇ ಈ ಜಗಳದ ಬೇರು. 1945ರ ಸೆಪ್ಟೆಂಬರ್ 2ರಂದು ಟೋಕಿಯೋ ಕೊಲ್ಲಿಯ ಹಡಗಿನಲ್ಲಿ ಜಪಾನು ಶರಣಾದಾಗ ಚೀನಾದ ಪರ ಸಹಿ ಹಾಕಿದ್ದು ಚಿಯಾಂಗ್ ಕೈ-ಷೆಕ್ ಸರಕಾರದ ಸೇನಾನಿ. ಆ ಸರಕಾರ ಮುಂದೆ ತೈವಾನಿಗೆ ಓಡಿತು. ಈಗಿನ ಚೀನಾ ಗಣರಾಜ್ಯ ಹುಟ್ಟಿದ್ದು 1949ರಲ್ಲಿ. ಕಮ್ಯುನಿಸ್ಟರೂ ಹೋರಾಡಿದರು, ಸುಳ್ಳಲ್ಲ. ಆದರೆ ಇಬ್ಬರ ಗೆಲುವನ್ನು ಒಬ್ಬರೇ ಮೆರವಣಿಗೆ ಮಾಡಿ, ಅದೇ ಚೌಕದಲ್ಲಿ ಹೊಸ ಕ್ಷಿಪಣಿ ಉರುಳಿಸಿದರೆ, ನೆರೆಯವರಿಗೆ ಅದು ಸ್ಮರಣೆಯಾಗಿ ಕಾಣುವುದೇ? ಬೆದರಿಕೆಯಾಗಿಯೇ ಕಾಣುತ್ತದೆ.

ಹಾಗಂತ ನಾವು ಬೀಗಬೇಕಾಗಿಲ್ಲ. ನಮ್ಮ ನೆನಪಾದರೂ ನೆಟ್ಟಗಿದೆಯೇ? 1944ರಲ್ಲಿ ಇಂಫಾಲ, ಕೊಹಿಮಾಗಳಲ್ಲಿ ಭಾರತದ ಸಿಪಾಯಿಗಳು ಬ್ರಿಟಿಷರ ಸೈನ್ಯದಲ್ಲಿ ನಿಂತು ಜಪಾನನ್ನು ತಡೆದರು. ಅದೇ ರಣದಲ್ಲಿ ನೇತಾಜಿಯ ಆಜಾದ್ ಹಿಂದ್ ಫೌಜು ಜಪಾನಿನ ಜೊತೆಗಿತ್ತು. ಇವರಿಬ್ಬರನ್ನೂ ಒಂದೇ ಪಥಸಂಚಲನದಲ್ಲಿ ನಡೆಸುವುದು ಹೇಗೆ, ಹೇಳಿರಿ?

ಸೊಲ್ಲಾಪುರದವನಾದ ನನಗೆ ಮತ್ತೊಂದು ನೆನಪು ಬಿಡುವುದಿಲ್ಲ. ನಮ್ಮೂರಿನ ಡಾ. ದ್ವಾರಕಾನಾಥ ಕೋಟ್ನಿಸ್ ಈ ಮುಂಬಯಿಯಲ್ಲೇ ವೈದ್ಯ ಕಲಿತು, 1938ರಲ್ಲಿ ಕಾಂಗ್ರೆಸ್ ಕಳಿಸಿದ ಐದು ವೈದ್ಯರ ತಂಡದಲ್ಲಿ ಚೀನಾಕ್ಕೆ ಹೋದರು. ಗಾಯಾಳುಗಳ ಸೇವೆ ಮಾಡುತ್ತ 1942ರಲ್ಲಿ ಅಲ್ಲೇ ತೀರಿಕೊಂಡರು. ಆಗ ವಯಸ್ಸು ಮೂವತ್ತೆರಡು. ಅಲ್ಲಿಯ ದಾದಿ ಗುವೊ ಚಿಂಗ್‌ಲಾನ್‌ರನ್ನು ಲಗ್ನವಾಗಿದ್ದರು. ಮಗನ ಹೆಸರು ಯಿನ್‌ಹುವಾ. ಯಿನ್ ಅಂದರೆ ಭಾರತ, ಹುವಾ ಅಂದರೆ ಚೀನಾ.

ಇದನ್ನು ಹೇಳಿದ್ದಕ್ಕೆ ಮಿತ್ರ, “ಏನಪಾ, ನೀ ಚೀನಾದ ಕಡೆಯವ ಆದ್ಯಾ?” ಅಂದ. ಅಲ್ಲ. 2020ರಲ್ಲಿ ಗಲ್ವಾನ್ ಕಣಿವೆಯಲ್ಲಿ ನಮ್ಮ ಇಪ್ಪತ್ತು ಯೋಧರು ಸತ್ತದ್ದು ನನಗೂ ಮರೆತಿಲ್ಲ. ಪ್ರಧಾನಿ ಆ ವೇದಿಕೆ ಏರದೆ ಬಂದದ್ದು ಸರಿಯೇ ಆಯಿತು ಅನ್ನುವವನು ನಾನು. ಆದರೆ ವೇದಿಕೆಗೆ ಬೆನ್ನು ತಿರುಗಿಸುವ ಭರದಲ್ಲಿ, ಆ ಯುದ್ಧದಲ್ಲಿ ಸತ್ತ ಲಕ್ಷಾಂತರ ಚೀನೀ ರೈತರಿಗೂ, ಅವರ ಗಾಯ ಕಟ್ಟಿದ ನಮ್ಮವನಿಗೂ ಬೆನ್ನು ತಿರುಗಿಸಬೇಕೆ?

ಆಮಂತ್ರಣ ಒಪ್ಪುವುದು, ಬಿಡುವುದು ಸರಕಾರದ ಕೆಲಸ. ನೆನಪಿಡುವುದು ನಮ್ಮ ಕೆಲಸ. ಡಿಸೆಂಬರ್ 9 ಕೋಟ್ನಿಸರು ತೀರಿಕೊಂಡ ದಿನ. ಅಂದು ನಮ್ಮ ಸಂಘದಲ್ಲಿ ಒಂದು ತಾಸು ಅವರ ಬಗ್ಗೆ ಮಾತಾಡೋಣ. ಅದಕ್ಕೆ ತೋಪು ಬೇಡ, ವೇದಿಕೆ ಬೇಡ. ಏನಂತೀರಿ?