ಪಾರ್ಸಲ್ ಕಟ್ಟಿದ ಕೈಗೂ ಟಿಪ್ಸ್ ಸಿಗಲಿ

ನಮ್ಮ ಆತಗೂರು ಹೋಬಳಿಯವರು ಮದ್ದೂರಿಗೆ ಹೋದರೆ ಮನೆಗೆ ಪಾರ್ಸಲ್ ತರುವುದು ವಾಡಿಕೆ. ಹೋಟೆಲಲ್ಲಿ ಕೂತು ದೋಸೆ ತಿಂದರೆ ಸಪ್ಲೈಯರ್‌ಗೆ 5-10 ರೂಪಾಯಿ ಇಟ್ಟು ಏಳುತ್ತೇವೆ. ಪಾರ್ಸಲ್ ಆದರೆ ಯಾರಿಗೂ ಕೊಡುವುದಿಲ್ಲ. ಬಡಿಸಿದವರೇ ಇಲ್ಲವಲ್ಲ ಅನ್ನುತ್ತೇವೆ. ಆದರೆ ಸಾಂಬಾರ್ ಸೋರದಂತೆ ಕಟ್ಟುವುದು, ಚಟ್ನಿ ಮರೆಯದೆ ಹಾಕುವುದೂ ಕೆಲಸವೇ. ಬಿಲ್ಲಿನ ಪಾರ್ಸಲ್ ಚಾರ್ಜ್ ಹೋಗುವುದು ಗಲ್ಲಾಕ್ಕೆ, ಕಟ್ಟಿದವರ ಜೇಬಿಗಲ್ಲ.

ಹಾಗಂತ ಟಿಪ್ಸ್ ಕಡ್ಡಾಯ ಆಗಬಾರದು. ಹೋಟೆಲ್‌ನವರು ತಾವೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಕೊಡುವುದು ಬಿಡುವುದು ಗಿರಾಕಿಯ ಇಷ್ಟ.

ನಮ್ಮ ಲೆಕ್ಕ ಇಷ್ಟೇ. ಒಂದು ಪ್ಲೇಟ್ ಇಡ್ಲಿ ಕಟ್ಟಿಸಿದರೆ ಏನೂ ಬೇಡ. ಹತ್ತು ಜನಕ್ಕಾಗುವಷ್ಟು ಕಟ್ಟಿಸಿದರೆ, ಬಸ್ ಹೊರಡುವ ಹೊತ್ತಿಗೆ ಅವಸರ ಮಾಡಿದರೆ 20 ರೂಪಾಯಿ ಕೊಡೋಣ. ಕೌಂಟರಿನ ಫೋನ್‌ಪೇಗೆ ಹಾಕಿದರೆ ಮಾಲೀಕರ ಖಾತೆಗೆ ಹೋಗುತ್ತದೆ, ಕಟ್ಟಿದವರ ಕೈಗೇ ಕೊಡೋಣ.

ಮಾಲೀಕರಿಗೂ ಒಂದು ಮಾತು: ಟಿಪ್ಸ್ ಸಂಬಳವಲ್ಲ. ಅದನ್ನು ತೋರಿಸಿ ಸಂಬಳಕ್ಕೆ ಕತ್ತರಿ ಹಾಕಿದರೆ, ನಾವು ಹುಡುಗರಿಗೆ ಕೊಟ್ಟ ದುಡ್ಡು ನಿಮ್ಮ ಗಲ್ಲಾ ಸೇರಿದಂತೆಯೇ.