ಬೂದಿದಿಬ್ಬದಲ್ಲಿ ಗೊರಸಿನ ಗುರುತು

ನಾಗರಿಕತೆಯ ಉದಯವೆಂದೊಡನೆ ನಮ್ಮ ಮಕ್ಕಳು ನೈಲ್ ನದಿ, ಸುಮೇರಿಯಾ, ಮೊಹೆಂಜೊದಾರೊಗಳ ಹೆಸರನ್ನು ಒಪ್ಪಿಸುತ್ತಾರೆ. ಅದು ಸರಿಯೇ. ಆದರೆ ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳನ್ನು ಕುರಿತು ನಾವು ಅವರಿಗೆ ಏನನ್ನಾದರೂ ಹೇಳಿದ್ದೇವೆಯೆ?

ಹಂಪಿಯ ಬಳಿ ನಿಂಬಾಪುರದಲ್ಲಿರುವ ದಿಬ್ಬವನ್ನು ಜನರು ವಾಲಿಯ ಚಿತಾಭಸ್ಮವೆಂದು ನಂಬುತ್ತಾರೆ. ಇಂಥ ದಿಬ್ಬಗಳು ಜ್ವಾಲಾಮುಖಿಯ ಬೂದಿಯೆಂದೂ ಕುಲುಮೆಯ ಕಿಟ್ಟವೆಂದೂ ಊಹಿಸಿದ ವಿದ್ವಾಂಸರುಂಟು. ಸುಟ್ಟ ಸಗಣಿಯೆಂಬ ಸರಳ ಮಾತನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ರಾಬರ್ಟ್ ಬ್ರೂಸ್ ಫೂಟ್ ಆಡಿದ್ದರು. ವಿದ್ವತ್ತಿಗೆ ಸಗಣಿ ಬಹುಶಃ ರುಚಿಸಲಿಲ್ಲ! 1957ರಲ್ಲಿ ಆಲ್ಚಿನ್ ಅವರು ಇಂದಿನ ತೆಲಂಗಾಣದ ಮಹಬೂಬನಗರ ಸೀಮೆಯ ಉಟ್ನೂರಿನಲ್ಲಿ ಉತ್ಖನನ ನಡೆಸಿದಾಗ, ದೊಡ್ಡಿಗೆ ಮರದ ಕಂಬ ನೆಟ್ಟ ಕುಳಿಗಳು ಕಂಡವು. ಜೊತೆಗೆ, ದನಗಳ ಗೊರಸು ಊರಿದ ಗುರುತುಗಳು! ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದೊಡ್ಡಿಯಲ್ಲಿ ತುಳಿದಾಡಿದ ಹಸುಗಳ ಹೆಜ್ಜೆಗಳವು.

ಆ ದನಗಾಹಿಗಳು ಸಗಣಿಯನ್ನು ರಾಶಿ ಹಾಕಿ ಮತ್ತೆ ಮತ್ತೆ ಸುಟ್ಟದ್ದು ಹಬ್ಬಕ್ಕೋ, ರೋಗಭಯಕ್ಕೋ ಎಂಬುದರಲ್ಲಿ ವಿದ್ವಾಂಸರಿಗೆ ಇಂದಿಗೂ ಒಮ್ಮತವಿಲ್ಲ. ಅವರು ದನ ಕಾಯುವುದರೊಡನೆ ಬೇಸಾಯವನ್ನೂ ಬಲ್ಲವರಾಗಿದ್ದರು. ಬಳ್ಳಾರಿ ಸಮೀಪದ ಸಂಗನಕಲ್ಲಿನಲ್ಲಿ ದೊರೆತ ಕರಿಕಾದ ಕಾಳುಗಳಲ್ಲಿ ಕೊರಲೆ, ಹೆಸರು, ಹುರುಳಿ ಇವೆ. ನಮ್ಮ ತಾಯಂದಿರು ಕಟ್ಟು ಬಸಿದು ಸಾರು ಮಾಡುವ ಹುರುಳಿಯೇ ಅದು.

ಪಕ್ಕದ ಕಪ್ಪಗಲ್ಲು ಗುಡ್ಡದ ಬಂಡೆಗಳ ಮೇಲೆ ಡುಬ್ಬದ ಎತ್ತುಗಳನ್ನು ಕುಟ್ಟಿ ಮೂಡಿಸಿದ್ದಾರೆ. ಆ ಗುಡ್ಡಕ್ಕೂ ಕಲ್ಲುಗಣಿಗಾರಿಕೆಯ ಪೆಟ್ಟು ಬಿದ್ದಿದೆ. ಎಷ್ಟೋ ಬೂದಿದಿಬ್ಬಗಳ ಮಣ್ಣು ಗೊಬ್ಬರವಾಗಿ ಹೊಲಗಳಿಗೆ ಸಾಗಿದೆ. ಉಳಿದ ದಿಬ್ಬಗಳ ಬಳಿಗೆ ಈ ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಒಮ್ಮೆ ಕರೆದೊಯ್ಯಬಾರದೇಕೆ?